ನೆಮ್ಮದಿಯ ಸಂಗ್ರಹ: ಅಬೂ ಝೈದ್ ಅಲ್ ಬಲ್ಖಿಯವರ ಪಾಠ

ಕಳವಳದಿಂದ ನಿದ್ದೆಗೆಟ್ಟವರನ್ನು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆ ಎನ್ನುವವರನ್ನು ಕಂಡಾಗ ಅವರ ಈಮಾನ್ ದುರ್ಬಲವಾಗಿದೆಯೆಂದು ತೀರ್ಪು ನೀಡುವವರು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಇಸ್ಲಾಮೀ ನಾಗರಿಕತೆಯ ವೈದ್ಯಚರಿತ್ರೆಯು ಇದಕ್ಕಿಂತ ಭಿನ್ನವಾದ ಪಾಠವನ್ನು ನಮ್ಮ ಮುಂದಿಡುತ್ತದೆ.

ಕೋಪ ಬಂದಾಗ ನಿಂತಿರುವವನು ಕುಳಿತುಕೊಳ್ಳಬೇಕು, ಆಗಲೂ ಶಮನವಾಗದಿದ್ದರೆ ಮಲಗಬೇಕು ಎಂದು ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದನ್ನು ಅಬೂ ದಾವೂದ್‌ರ ಹದೀಸ್ ಸಂಗ್ರಹದಲ್ಲಿ ನಾವು ಕಾಣುತ್ತೇವೆ. ಮನಸ್ಸಿನ ಉದ್ವೇಗಕ್ಕೆ ಇಲ್ಲಿ ಸೂಚಿಸಲಾದ ಮೊದಲ ಉಪಾಯವು ದೇಹದ ಭಂಗಿಯನ್ನು ಬದಲಿಸುವುದಾಗಿದೆ.

ಈ ಸಂಬಂಧವನ್ನು ಶಾಸ್ತ್ರವಾಗಿ ವಿವರಿಸಿದವರಲ್ಲಿ ಅಬೂ ಝೈದ್ ಅಲ್ ಬಲ್ಖಿಯವರು ಪ್ರಮುಖರು. ಕ್ರಿ.ಶ. 850ರ ಸುಮಾರಿಗೆ, ಇಂದಿನ ಅಫಘಾನಿಸ್ತಾನದಲ್ಲಿರುವ ಬಲ್ಖ್ ಪ್ರದೇಶದಲ್ಲಿ ಜನಿಸಿದ ಅವರು ಇರಾಕಿನಲ್ಲಿ ವಿದ್ಯಾರ್ಜನೆ ಮಾಡಿ ಊರಿಗೆ ಮರಳಿದರು, 934ರಲ್ಲಿ ನಿಧನರಾದರು. ಭೂಗೋಳಶಾಸ್ತ್ರಜ್ಞರೆಂದೂ ಖ್ಯಾತರಾದ ಅವರ 'ಮಸಾಲಿಹುಲ್ ಅಬ್ದಾನಿ ವಲ್ ಅನ್ಫುಸ್' ಎಂಬ ಗ್ರಂಥವು ದೇಹಗಳ ಮತ್ತು ಆತ್ಮಗಳ ಹಿತವನ್ನು ಕುರಿತದ್ದು. ಅದರ ಮೊದಲ ಭಾಗವು ವಾಸಸ್ಥಳ, ಗಾಳಿ, ನೀರು, ಆಹಾರ, ನಿದ್ರೆ, ವ್ಯಾಯಾಮಗಳನ್ನು ಚರ್ಚಿಸಿದರೆ, ಎರಡನೆಯದು ಕೋಪ, ಭಯ, ದುಃಖ ಮತ್ತು ವಸ್‌ವಾಸ್‌ಗಳಿಗೆ ಪರಿಹಾರ ಹೇಳುತ್ತದೆ.

ದೇಹವೂ ಆತ್ಮವೂ ಕೂಡಿಯೇ ಮನುಷ್ಯನಾಗಿರುವುದರಿಂದ ಒಂದರ ನೋವು ಇನ್ನೊಂದನ್ನು ತಟ್ಟದೆ ಇರದು ಎಂಬುದು ಅವರ ವಾದ. ದುಃಖದಲ್ಲಿಯೂ ಅವರು ಎರಡು ಬಗೆಗಳನ್ನು ಗುರುತಿಸಿದರು. ಒಂದಕ್ಕೆ ಅಗಲಿಕೆ, ನಷ್ಟದಂತಹ ತಿಳಿದ ಕಾರಣವಿರುತ್ತದೆ. ಇನ್ನೊಂದು ಹೊರಗಿನ ಕಾರಣವಿಲ್ಲದೆ ದೇಹದೊಳಗಿಂದಲೇ ಹುಟ್ಟುತ್ತದೆ. ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು. ಅವರ ಅತ್ಯಂತ ಉಪಯುಕ್ತ ಸಲಹೆ ಇನ್ನೊಂದಿದೆ. ಹಠಾತ್ ಕಾಯಿಲೆಗೆಂದು ಔಷಧವನ್ನು ಮೊದಲೇ ಇಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಹಿತವಾದ ಆಲೋಚನೆಗಳನ್ನು ಸಂಗ್ರಹಿಸಿಟ್ಟುಕೊಂಡು ಸಂಕಟ ಬಂದಾಗ ಬಳಸಬೇಕು.

ಈ ದೃಷ್ಟಿ ಗ್ರಂಥಗಳಲ್ಲಷ್ಟೇ ಉಳಿಯಲಿಲ್ಲ. ಉಸ್ಮಾನಿಯಾ ಸುಲ್ತಾನ ಎರಡನೆಯ ಬಾಯಝೀದ್ 1488ರಲ್ಲಿ ಎದಿರ್ನೆ ನಗರದಲ್ಲಿ ಪೂರ್ಣಗೊಳಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಸಂಗೀತ, ಹೂವಿನ ಸುಗಂಧ ಮತ್ತು ಕಾರಂಜಿಯ ನೀರಿನ ನಾದದಿಂದ ಸಾಂತ್ವನ ನೀಡಲಾಗುತ್ತಿತ್ತು. 17ನೇ ಶತಮಾನದ ಪ್ರವಾಸಿ ಎವ್ಲಿಯಾ ಚೆಲೆಬಿ ಇದನ್ನು ವರ್ಣಿಸಿದ್ದಾರೆ.

ಆಧುನಿಕ ವಿಜ್ಞಾನವು ಇದರ ದೈಹಿಕ ಕಾರಣಗಳನ್ನು ಶೋಧಿಸಿತು. ಅಪಾಯ ಎದುರಾದಾಗ ಹೃದಯದ ಬಡಿತ ಏರಿ, ಉಸಿರು ವೇಗಗೊಂಡು, ಸ್ನಾಯುಗಳು ಬಿಗಿಯುವುದು ಹೋರಾಟಕ್ಕೆ ಅಥವಾ ಪಲಾಯನಕ್ಕೆ ದೇಹ ನಡೆಸುವ ಸಿದ್ಧತೆಯೆಂದು ವಾಲ್ಟರ್ ಕ್ಯಾನನ್ 1915ರ ಗ್ರಂಥದಲ್ಲಿ ತಿಳಿಸಿದರು. ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವ ವಿಧಾನವನ್ನು ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದರು. ಮೌನವಾಗಿ ಕುಳಿತು ಒಂದು ಪದವನ್ನು ಪುನರುಚ್ಚರಿಸುತ್ತಿದ್ದರೆ ಈ ಸಿದ್ಧತೆ ಹಿಮ್ಮೆಟ್ಟುತ್ತದೆಂದು 1975ರಲ್ಲಿ ಹರ್ಬರ್ಟ್ ಬೆನ್ಸನ್ ಬರೆದರು. ಅಂತಹ ಪುನರುಚ್ಚಾರವು ವಿವಿಧ ಧರ್ಮಗಳ ಪ್ರಾರ್ಥನೆಗಳಲ್ಲಿರುವುದನ್ನೂ ಅವರು ಗುರುತಿಸಿದರು. ಝಿಕ್ರ್ ಎಂಬುದು ಅಲ್ಲಾಹನ ಆರಾಧನೆ. ಅದನ್ನು ಕೇವಲ ವ್ಯಾಯಾಮವೆಂದು ನಾವು ಭಾವಿಸಬಾರದು. ಆದರೆ ಅದರಿಂದ ದೇಹಕ್ಕೂ ವಿಶ್ರಾಂತಿ ದೊರೆತರೆ ಅದು ಅವನ ಅನುಗ್ರಹವೇ.

ಹಾಗಾದರೆ ನಾವು ಮಾಡಬೇಕಾದುದೇನು? ಪ್ರತಿದಿನ ಹತ್ತು ನಿಮಿಷ ನೆಮ್ಮದಿಯಿಂದ ಕುಳಿತು, ಉಸಿರನ್ನು ಮೆಲ್ಲನೆ ಒಳಗೆಳೆದು ಅದಕ್ಕಿಂತಲೂ ನಿಧಾನವಾಗಿ ಹೊರಬಿಡೋಣ. ಪಾದಗಳಿಂದ ಆರಂಭಿಸಿ ಮುಖದವರೆಗೆ ಸ್ನಾಯುಗಳನ್ನು ಕ್ಷಣಕಾಲ ಬಿಗಿಹಿಡಿದು ಸಡಿಲಿಸೋಣ. ಶಾಂತಿಯ ದಿನಗಳಲ್ಲಿ ರೂಢಿಸಿಕೊಂಡದ್ದೇ ಸಂಕಟದ ದಿನಗಳಲ್ಲಿ ಕೈಹಿಡಿಯುತ್ತದೆ. ಇಷ್ಟಾದರೂ ಕಳವಳ ಇಳಿಯದಿದ್ದರೆ ವೈದ್ಯರನ್ನು ಕಾಣಲು ಸಂಕೋಚಪಡುವುದು ಬೇಡ. ಬಳಲುತ್ತಿರುವ ಸಹೋದರ ಸಹೋದರಿಯರನ್ನು ಈಮಾನಿನ ತಕ್ಕಡಿಯಲ್ಲಿ ತೂಗುವ ಮೊದಲು ಅವರ ಪಕ್ಕದಲ್ಲಿ ಕುಳಿತು ಮಾತನ್ನು ಆಲಿಸೋಣ. ಹಿತೈಷಿಯ ಮಾತೂ ಔಷಧವೇ ಎಂಬುದನ್ನು ಬಲ್ಖಿಯವರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು.