ಪುಸ್ತಕದ ಗಂಟು ಹೊತ್ತ ಮಾಸ್ತರರು

ಹೂವಿನ ಹಿಪ್ಪರಗಿಯವರಿಗೆ ತಾಳಿಕೋಟೆ ದೂರದ ಊರಲ್ಲ. 1565ರ ಕಾಳಗ ನಡೆದದ್ದು ಅಲ್ಲಲ್ಲ, ಕೃಷ್ಣೆಯ ದಂಡೆಯ ರಕ್ಕಸಗಿ–ತಂಗಡಗಿಯ ಬಯಲಲ್ಲಿ ಎಂದು ತಿದ್ದುವವರೂ ನಮ್ಮಲ್ಲಿದ್ದಾರೆ. ವಿಜಯನಗರದ ಆ ಸೋಲಿನ ಕಥೆಯನ್ನು ‘ಕನ್ನಡಿಗರ ಕರ್ಮಕಥೆ’ ಎಂಬ ಕಾದಂಬರಿಯಾಗಿ ಮನೆಮನೆಗೆ ಮುಟ್ಟಿಸಿದವರು ಮಾತ್ರ ತುಂಗಭದ್ರೆಯ ಕಡೆಯವರು: ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು.

ಹಾವೇರಿ ಸೀಮೆಯ ಗಳಗನಾಥದಲ್ಲಿ 1869ರಲ್ಲಿ ಹುಟ್ಟಿದ ಇವರು ಮೊದಲು ಕನ್ನಡ ಸಾಲಿ ಮಾಸ್ತರರು. ‘ಪ್ರಬುದ್ಧ ಪದ್ಮನಯನೆ’ ಬರೆದಾಗಲೂ ಕೈಯಲ್ಲಿ ಸೀಮೆಸುಣ್ಣವೇ. ಮುಂದೆ ಅಗಡಿಯ ಆನಂದವನದಲ್ಲಿ, ಶೇಷಾಚಲ ಸದ್ಗುರುಗಳ ಆಶ್ರಯದಲ್ಲಿ, ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾದರು. ಮಠದ ಮಾಸಪತ್ರಿಕೆ ಎಂದರೆ ಬರೀ ಉಪದೇಶವಿರಬೇಕಲ್ಲ. ಇವರು ಅದರೊಳಗೆ ಕಾದಂಬರಿ ತುಂಬಿದರು. ಉಪದೇಶಕ್ಕೆಂದು ಚಂದಾ ಕಟ್ಟಿದವರು ಮುಂದಿನ ಕಂತಿಗೆ ಕಾಯತೊಡಗಿದರು. ಆನಂತರ ‘ಸದ್ಗುರು’ ಎಂಬ ಪತ್ರಿಕೆಯನ್ನೂ ನಡೆಸಿದರು.

‘ಕರ್ಮಕಥೆ’ಯ ಮೂಲ ಹರಿ ನಾರಾಯಣ ಆಪ್ಟೆಯವರ ಮರಾಠಿ ‘ವಜ್ರಾಘಾತ’. ಅದಕ್ಕೇ ಕೆಲವರು ಮೂಗು ಮುರಿಯುತ್ತಾರೆ. ಮುಂಬಯಿ ಇಲಾಖೆಯ ಆ ದಿನಗಳಲ್ಲಿ ನಮ್ಮ ಕಡೆಯ ಓದುಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕವೇ ಇರುತ್ತಿತ್ತೆಂಬುದನ್ನು ಮರೆತ ಮಾತದು. ವಿಜಯನಗರ ಹುಟ್ಟಿದ ಕಥೆಯನ್ನಂತೂ ‘ಮಾಧವ ಕರುಣಾ ವಿಲಾಸ’ದಲ್ಲಿ ತಾವೇ ಕಟ್ಟಿ ಹೇಳಿದರು. ಇಂದಿನ ಓದುಗನಿಗೆ ಅವರ ವಾಕ್ಯ ಉದ್ದ, ನೀತಿ ಹೆಚ್ಚು ಅನ್ನಿಸೀತು, ನನಗೂ ಅನ್ನಿಸಿದೆ.

ಬರೆದದ್ದು, ತಿದ್ದಿದ್ದು, ಪ್ರಕಟಿಸಿದ್ದು ಎಲ್ಲ ಮುಗಿದ ಮೇಲೆ ಅವರಿಗೆ ಇನ್ನೊಂದು ಉದ್ಯೋಗವಿತ್ತು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರುವುದು! ಅಂಗಡಿಯಿಲ್ಲದ ಊರಲ್ಲಿ ಪುಸ್ತಕ ತಾನೇ ನಡೆದು ಬರುತ್ತದೆಯೇ? ಸಾಹಿತ್ಯ ಚರಿತ್ರೆಗಳು ‘ಕಾದಂಬರಿ ಪಿತಾಮಹ’ ಎಂಬ ಬಿರುದನ್ನು ದೊಡ್ಡದಾಗಿ ಅಚ್ಚುಹಾಕುತ್ತವೆ. ನನ್ನ ಮಟ್ಟಿಗೆ ಆ ಗಂಟೇ ದೊಡ್ಡದು. 1942ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಗಳಿಸಿದ್ದು ಹಣವನ್ನಲ್ಲ, ಓದುಗರನ್ನು.

ನಮ್ಮ ಬಿಜಾಪುರದಲ್ಲೂ ಇಂಥದೇ ಹುಚ್ಚು ಫ. ಗು. ಹಳಕಟ್ಟಿಯವರದು: ವಚನ ಅಚ್ಚಿಸಲು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಹೊರಡಿಸಿದರು. ಅವರದು ಬೇರೆಯೇ ಲೇಖನವಾಗಬೇಕು.

ಊರಿನ ಯಾರದಾದರೂ ಅಟ್ಟದ ಮೇಲೆ ‘ಕರ್ಮಕಥೆ’ಯ ಹಳೆಯ ಪ್ರತಿಯಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ರಟ್ಟು ಹೋಗಿದ್ದರೂ ನಡೆದೀತು, ಗ್ರಂಥಾಲಯಕ್ಕೆ ಕೊಡಿ.