ಪೇಟೆಯಲ್ಲಿ ಮೂರು ಕೋಳಿ, ಹೊರಗೆ ನಾಲ್ಕು

ನೆಲ್ಲು ತೂಕ ಹಾಕಿ ಕಳಿಸಿದ ಮೂರನೇ ದಿನ ಮನೆಯಾಕಿ, ಮಕ್ಕಳನ್ನು ಕರಕೊಂಡು ಹಂಪಿಗೆ ಹೋಗಿ ಬಂದೆ. ಎಮ್ಮಿಗನೂರಿನಿಂದ ಕಂಪ್ಲಿ, ರಾಮಸಾಗರ, ಬುಕ್ಕಸಾಗರದ ಮೇಲೆ ಹೋದ್ರೆ ದೂರ ಏನಲ್ಲ. ಆದ್ರೂ ನಾವು ಹೋಗೋದು ಯಾವಾಗ? ಬೀಗರು ಬಂದ್ರೆ ತೋರಿಸೋಕೆ, ಇಲ್ಲ ಜಾತ್ರೆಗೆ. ಈ ಸಲ ಬಜಾರ್ ಬೀದಿಗಳನ್ನ ನಿಧಾನಕ್ಕೆ ನೋಡಬೇಕು ಅಂತಲೇ ಹೋಗಿದ್ದೆ. ಅದಕ್ಕೆ ಕಾರಣ ಒಬ್ಬ ಪೋರ್ಚುಗೀಸ್ ಪ್ರವಾಸಿ.

ಅವನ ಹೆಸರು ಡೊಮಿಂಗೊ ಪಾಯೆಸ್. 1520ರ ಸುಮಾರಿಗೆ, ಕೃಷ್ಣದೇವರಾಯ ಆಳ್ತಿದ್ದಾಗ ಬಂದವನು. ಅವನು ಬರೆದಿಟ್ಟದ್ದನ್ನ ರಾಬರ್ಟ್ ಸೀವೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ಇಂಗ್ಲಿಷಿಗೆ ತಂದು 1900ರಲ್ಲಿ ಪುಸ್ತಕ ಮಾಡಿದ. ಗೈಡುಗಳು ಪಾಯೆಸ್ ಹೆಸರು ಹೇಳೋದು ವಜ್ರ, ಮಾಣಿಕ್ಯದ ಮಾತಿಗೆ. ಅದೂ ಬರೆದಾನ, ಸುಳ್ಳಲ್ಲ. ಆದರೆ ಅದೇ ಬೀದಿಯಲ್ಲಿ ದಿನಾ ಸಂಜೆ ಒಂದು ಸಂತೆ ಸೇರ್ತಿತ್ತು, ಅಲ್ಲಿ ತಟ್ಟು ಕುದುರೆ, ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ಕಾಯಿಪಲ್ಲೆ, ಕಟ್ಟಿಗೆ ಎಲ್ಲಾ ಮಾರ್ತಿದ್ರು ಅಂತಲೂ ಬರೆದಾನ. ಆ ಮಾಲು ಬೆಳೆದವರು ಯಾರು? ನಮ್ಮಂಥವರೇ.

ಬೆಳೆ ವಿಷಯಕ್ಕೆ ಬಂದ್ರೆ ಅವನ ಕಣ್ಣು ಚುರುಕು. ಅಕ್ಕಿ, ಜೋಳ, ಹತ್ತಿ ಲೆಕ್ಕವಿಲ್ಲದಷ್ಟು. ಹೆಸರು, ಹುರುಳಿ ಬಡವರ ಊಟ. ಅವರ ದೇಶದಲ್ಲಿ ಕುದುರೆಗೆ ಬಾರ್ಲಿ ಹಾಕಿದ್ರೆ ಇಲ್ಲಿ ಕಾಳು ಹಾಕ್ತಾರೆ. ಗೋಧಿ ಕಡಿಮೆ, ಮುಸಲ್ಮಾನರು ಬಿಟ್ರೆ ಬೇರೆಯವರು ತಿನ್ನೋದಿಲ್ಲ ಅಂತಾನ. ಅದಕ್ಕೂ ಮುಂಚೆ, 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಜಾಕ್‌ಗೆ ಇಲ್ಲಿ ಆಶ್ಚರ್ಯ ಆದದ್ದು ಗುಲಾಬಿ ಹೂವು. ಈ ಊರಿನ ಜನಕ್ಕೆ ಅನ್ನ ಎಷ್ಟು ಬೇಕೋ ಗುಲಾಬಿನೂ ಅಷ್ಟೇ ಬೇಕು ಅಂತ ಬರೆದ.

ನನಗೆ ಮನಸ್ಸಲ್ಲಿ ಉಳಿದದ್ದು ಕೋಳಿ ರೇಟು. ಪೇಟೆಯಲ್ಲಿ ಒಂದು ಸಣ್ಣ ನಾಣ್ಯಕ್ಕೆ ಮೂರು ಕೋಳಿ, ಪೇಟೆ ದಾಟಿ ಹೊರಗೆ ಹೋದ್ರೆ ಅದೇ ನಾಣ್ಯಕ್ಕೆ ನಾಲ್ಕು ಅಂತಾನ ಪಾಯೆಸ್. ತಗೊಳ್ಳೋನಿಗೆ ಅದು ಅಗ್ಗ. ಸಾಕಿದೋನ ಕಡೆಯಿಂದ ಲೆಕ್ಕ ಹಾಕ್ರಿ, ನಾಲ್ಕಕ್ಕೆ ಒಂದು ಕೋಳಿ ದಾರಿಯಲ್ಲೇ ಹೋಯ್ತು. ಹೊತ್ತು ತರೋನಿಗೆ, ಸುಂಕಕ್ಕೆ, ಮಾರೋನಿಗೆ. ಐದುನೂರು ವರ್ಷ ಆಯ್ತು, 75 ಕೆ.ಜಿ. ಚೀಲದ ಮೇಲೆ ನಾವು ಇನ್ನೂ ಆ ನಾಲ್ಕನೇ ಕೋಳಿ ಲೆಕ್ಕವನ್ನೇ ಹಾಕ್ತಾ ಕುಂತೀವಿ.

ಕೃಷ್ಣ ಗುಡಿ ಮುಂದಿನ ಬಜಾರಿನಲ್ಲಿ ಸ್ವಲ್ಪ ಹೊತ್ತು ಕುಂತ್ವಿ. ಒರಿಸ್ಸಾದ ಗಜಪತಿಯ ಉದಯಗಿರಿ ಗೆದ್ದು ಬಂದ ರಾಯ 1515ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಎರಡೂ ಕಡೆ ಕಲ್ಲಿನ ಕಂಬದ ಸಾಲು ಮಳಿಗೆ, ಆ ಕಡೆ ಬಾಳೆ ತೋಟ. ತೋಟಕ್ಕೆ ನೀರು ತುರ್ತು ಕಾಲುವೆಯದು, ಅದೂ ಆ ಕಾಲದ್ದೇ. ಅಂಗಡಿಗಳು ಹಾಳಾದವು, ಕಾಲುವೆ ಮಾತ್ರ ಇವತ್ತಿಗೂ ಹರಿತೈತಿ. ಇನ್ನೊಬ್ಬ ಪೋರ್ಚುಗೀಸ, ನೂನಿಜ್, ಒಂದು ಮಾತು ಬರೆದಾನ: ಹೊಸ ಕೆರೆ ಕಟ್ಟಿಸಿದಾಗ ಅದರ ಕೆಳಗಿನ ಹೊಲ ತಿದ್ದಿಕೊಳ್ಳೋಕೆ ರಾಯ ಒಂಬತ್ತು ವರ್ಷ ಕಂದಾಯ ಬಿಟ್ಟಿದ್ದನಂತೆ. ಒಂಬತ್ತು ವರ್ಷ! ಅದರ ಬಗ್ಗೆ ಇನ್ನೊಂದು ದಿನ ಬರೀತೀನಿ.

ಇಷ್ಟು ಮಾಲು ಪೇಟೆಗೆ ಹೆಂಗೆ ಬರ್ತಿತ್ತು? ಹೇರು ಎತ್ತುಗಳ ಮೇಲೆ. ಬೀದಿ ತುಂಬ ಹೇರು ಹೊತ್ತ ಎತ್ತುಗಳು, ಅವು ಮುಂದೆ ಹೋಗೋ ತನಕ ನಿಲ್ಲಬೇಕು, ಇಲ್ಲ ಬೇರೆ ದಾರಿ ಹಿಡೀಬೇಕು ಅಂತಾನ ಪಾಯೆಸ್. ಸುಗ್ಗಿಯಲ್ಲಿ ಕಂಪ್ಲಿ ರೋಡಲ್ಲಿ ನೆಲ್ಲಿನ ಟ್ರ್ಯಾಕ್ಟರ್ ಹಿಂದೆ ಸಿಕ್ಕವರಿಗೆ ಇದೇನು ಹೊಸದಲ್ಲ. ಆ ಎತ್ತುಗಳು ಯಾರವು ಅಂತ ಅವನು ಹೇಳಲ್ಲ. ಮುಂದಿನ ಶತಮಾನಗಳಲ್ಲಿ ದಕ್ಷಿಣದ ತುಂಬ ಈ ಕೆಲಸ ಮಾಡಿದವರು ಲಂಬಾಣಿಗರು. ಉಪ್ಪು, ದವಸ ಹೇರಿಕೊಂಡು ಸೈನ್ಯದ ಹಿಂದೆಯೂ ಹೋಗ್ತಿದ್ರು. 1791-92ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅವನ ದಂಡಿಗೆ ಕಾಳು ಒದಗಿಸಿದವರು ಇವರೇ. ಆಮೇಲೆ ರಸ್ತೆ, ರೈಲು ಬಂತು. ಹೇರೆತ್ತಿನ ಕೆಲಸ ಹೋಯ್ತು, ಮಂದಿ ತಾಂಡಾಗಳಲ್ಲಿ ನಿಂತರು. ಹೆಂಗಸರ ಕೈಯ ಸೂಜಿ ಮಾತ್ರ ನಿಲ್ಲಲಿಲ್ಲ. ಕನ್ನಡಿ, ಕವಡೆ ಕೂಡಿಸಿದ ಆ ಕಸೂತಿಗೆ ಈಗ ಸಂಡೂರು ಲಂಬಾಣಿ ಕಸೂತಿ ಅಂತ ಜಿಐ ಟ್ಯಾಗ್ ಐತಿ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ತಾಂಡಾ ಹೆಂಗಸರು ಇದನ್ನ ದುಡಿಮೆ ಮಾಡಿಕೊಂಡಾರ.

ಇದೆಲ್ಲ ಯಾಕೆ ಹೇಳಿದೆ ಅಂದ್ರೆ, ವಾಪಸ್ ಬರುವಾಗ ಒಂದು ಕರಕುಶಲ ಮಳಿಗೆಯಲ್ಲಿ ಮನೆಯಾಕಿ ಲಂಬಾಣಿ ಕೆಲಸದ ಕೈಚೀಲ ಹಿಡಿದು ನಿಂತಳು. ಬೆಲೆ ಕೇಳಿ ನಾನೇ ಮೊದಲು, "ಸ್ವಲ್ಪ ಕಡಿಮೆ ಮಾಡವ್ವ" ಅಂದೆ. ಮಾರೋ ಹೆಂಗಸು ನಕ್ಕು, "ಬೆಲೆ ಕೇಳ್ತೀಯಣ್ಣ, ಎಷ್ಟು ದಿನ ಹೊಲಿದೆ ಅಂತ ಕೇಳಲ್ಲ" ಅಂದಳು.

ಮೂರು ದಿನದ ಹಿಂದೆ ನಮ್ಮ ಕಣದಲ್ಲಿ ಒಬ್ಬ ವ್ಯಾಪಾರಿ ನೆಲ್ಲು ಅಂಗೈಯಲ್ಲಿ ಹಿಡಿದು, ತೇವ ಐತಿ ಅಂತ ರೇಟು ಇಳಿಸಿದಾಗ ನಾನೂ ಹೆಚ್ಚುಕಮ್ಮಿ ಅದೇ ಮಾತು ಆಡಿದ್ದೆ. ಆಕಿ ಹೇಳಿದಷ್ಟು ಕೊಟ್ಟು ಬಂದೆ. ಇನ್ನೂರು ರೂಪಾಯಿ ಆದ್ರೂ ಇಳಿಸಬಹುದಿತ್ತು ಅಂತ ಮನೆಯಾಕಿ ಕಂಪ್ಲಿ ಬರೋತನಕ ಅಂತಾನೇ ಇದ್ದಳು.