ಹವೊಡ್ ಭವನದ ಛಾಯಾಚಿತ್ರಗಳು

ವೇಲ್ಸ್ ದೇಶದ ಅಸ್ಟ್ವಿತ್ ನದಿಯ ಕಣಿವೆಯಲ್ಲಿ ಹವೊಡ್ ಎಂಬ ಸ್ಥಳವುಂಟು. ಬೇಸಗೆಯಲ್ಲಿ ದನಗಾಹಿಗಳು ತಂಗುವ ಬೆಟ್ಟದ ಬಿಡಾರವೆಂದು ಆ ಪದಕ್ಕೆ ಅರ್ಥ. ಥಾಮಸ್ ಜೋನ್ಸ್ ಎಂಬ ಸಿರಿವಂತನು 1780ರ ದಶಕದಲ್ಲಿ ಅಲ್ಲೊಂದು ಭವನವನ್ನು ಕಟ್ಟಿಸಿದನು. ಬೋಳುಗುಡ್ಡಗಳ ಮೇಲೆ ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿ, ಜಲಪಾತಗಳೆಡೆಗೆ ಕಾಲುದಾರಿಗಳನ್ನು ಮಾಡಿಸಿದನು. ಮಗಳಾದ ಮೇರಿಯಾಮ್ನಿಗಾಗಿ ಬಂಡೆಗಳ ದಿಣ್ಣೆಯ ಮೇಲೆ ಪುಟ್ಟ ತೋಟವೊಂದನ್ನು ಏರ್ಪಡಿಸಿದನು.

1807ರ ಮಾರ್ಚಿ ತಿಂಗಳಲ್ಲಿ ಅಗ್ನಿಯು ಭವನವನ್ನೂ ಗ್ರಂಥಭಂಡಾರದ ಬಹುಭಾಗವನ್ನೂ ಆಹುತಿಗೊಂಡಿತು. ಜೋನ್ಸನು ಧೃತಿಗೆಡದೆ ಪುನಃ ಕಟ್ಟಿಸಿದನು. ಆದರೆ 1811ರಲ್ಲಿ ಮಗಳು ತೀರಿಕೊಂಡಳು. 1816ರಲ್ಲಿ ತಾನೂ ಗತಿಸಿದನು. ಅವಳ ಸ್ಮರಣೆಗೆಂದು ಚಾಂಟ್ರಿ ಎಂಬ ಶಿಲ್ಪಿಯು ಕಡೆದ ಅಮೃತಶಿಲೆಯ ಪ್ರತಿಮಾಸಮೂಹವೂ 1932ರಲ್ಲಿ ಅಲ್ಲಿಯ ಚರ್ಚಿಗೆ ಬೆಂಕಿಬಿದ್ದಾಗ ಒಡೆದುಹೋಯಿತು. ಪಾಳುಬಿದ್ದ ಭವನವನ್ನು 1958ರಲ್ಲಿ ಸಿಡಿಮದ್ದಿಟ್ಟು ಕೆಡಹಿದರು.

ಈಗ ಅಲ್ಲಿಗೆ ಹೋಗುವ ಛಾಯಾಗ್ರಾಹಕನಿಗೆ ಭವನದ ನೆಲೆಯಲ್ಲಿ ದೊರೆಯುವುದು ಕಲ್ಲುರಾಶಿ ಮಾತ್ರ. ಕೆಡಹುವ ಮುನ್ನ ಅನ್ಯರು ತೆಗೆದ ಚಿತ್ರಗಳೇ ಅದರ ಗೋಡೆ ಗೋಪುರಗಳಿಗೆ ಸಾಕ್ಷಿಯಾಗಿ ಉಳಿದಿವೆ. ಮುರಿದ ಮನೆಯನ್ನು ಚಿತ್ರಿಸುವುದು ವ್ಯರ್ಥವಿನೋದವಲ್ಲವೆಂಬುದು ಇದರಿಂದ ಸ್ಪಷ್ಟ. ಆದರೆ ಕಲ್ಲುರಾಶಿಯನ್ನಷ್ಟೇ ಚಿತ್ರಿಸಿ ಹಿಂದಿರುಗುವವನು ಅರ್ಧಚರಿತ್ರೆಯನ್ನು ಮಾತ್ರ ತರುವನು. ಜೋನ್ಸನ ಕಾಲುದಾರಿಗಳು ಜೀರ್ಣೋದ್ಧಾರವಾಗಿ ಇಂದಿಗೂ ಜನರನ್ನು ಜಲಪಾತದ ಬಳಿಗೆ ಕರೆದೊಯ್ಯುತ್ತಿವೆ. ತಾನು ವಾಸಿಸಲೆಂದು ಕಟ್ಟಿಸಿದುದು ಅಳಿಯಿತು. ಬಂದವರು ನೋಡಿ ನಲಿಯಲೆಂದು ತೆರೆದ ದಾರಿಯು ಉಳಿಯಿತು.